ಬಿಚ್ಚಲು ಬರುವ ಉಂಗುರ

ಉಂಗುರವೆಂದರೆ ಚಿನ್ನ, ಇಲ್ಲದಿದ್ದರೆ ಬೆಳ್ಳಿ ಎಂಬುದು ನಮ್ಮ ತಲೆಮಾರಿನ ಲೆಕ್ಕ. ಈಗಿನ ಯುವಕರು ನಿಶ್ಚಿತಾರ್ಥಕ್ಕೂ ಟೈಟಾನಿಯಂ ಉಂಗುರ ಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವ ನನ್ನ ತಂಗಿಯ ಮಗನಿಗೂ ಅದರ ಮೇಲೆಯೇ ಮನಸ್ಸು. ಆದರೆ "ಮಾವ, ಅದು ಸಿಕ್ಕಿಕೊಂಡರೆ ಬೆರಳನ್ನೇ ಕತ್ತರಿಸಬೇಕಂತೆ, ನಿಜವೇ?" ಎಂದು ಕೇಳಿದ. ವಿಜ್ಞಾನದ ಮೇಷ್ಟರಾಗಿದ್ದವನಿಗೆ ಇಂಥ ಪ್ರಶ್ನೆ ಬಂದರೆ ಸುಮ್ಮನಿರಲಾಗುವುದಿಲ್ಲ.

ಪರಮಾಣು ಸಂಖ್ಯೆ 22, ಸಾಂದ್ರತೆ ಸುಮಾರು 4.5, ಚಿನ್ನದ್ದು 19.3. ಹಾಗಾಗಿ ಈ ಉಂಗುರ ಹೂವಿನಂತೆ ಹಗುರ. 1791ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಗ್ರೆಗರ್ ಕಪ್ಪು ಮರಳಿನಲ್ಲಿ ಇದರ ಸುಳಿವು ಕಂಡರು. ನೆರೆಯ ಕೇರಳದ ಚವರದ ಕಡಲತೀರದಲ್ಲಿಯೂ ಅಂಥ ಮರಳಿದೆ. ಶುದ್ಧ ಟೈಟಾನಿಯಂನಲ್ಲಿ ನಿಕ್ಕಲ್ ಇಲ್ಲದ್ದರಿಂದ, ಅಗ್ಗದ ಆಭರಣ ತಾಗಿದರೆ ತುರಿಕೆ ಏಳುವವರಿಗೂ ಸಾಮಾನ್ಯವಾಗಿ ಒಗ್ಗುತ್ತದೆ.

ಇದು ಅಕ್ಕಸಾಲಿಯ ಕುಲುಮೆಗೆ ಬಗ್ಗುವ ಲೋಹವಲ್ಲ. ಕರಗಲು 1668 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಾದಾಗ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ. ಆದ್ದರಿಂದ ದುಂಡು ಸರಳನ್ನು ಲೇತಿಗೆ ಸಿಕ್ಕಿಸಿ ಕೊರೆದು, ಕಡೆದು ಉಂಗುರ ಮಾಡುವುದೇ ವಾಡಿಕೆ. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ನನಗೆ ತೋರಿಸಿದ. ಈ ಲೋಹದಲ್ಲಿ ಶಾಖ ಬೇಗ ಹರಿಯದು, ಉಳಿಯ ತುದಿಯಲ್ಲೇ ನಿಲ್ಲುತ್ತದೆ; ಆದ್ದರಿಂದ ಹರಿತವಾದ ಉಳಿ, ನಿಧಾನದ ವೇಗ, ಧಾರಾಳ ತಂಪುದ್ರವ ಬೇಕು. ಸಣ್ಣ ಚೂರುಗಳಿಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು, ಒಣ ಮರಳು ಹಾಕಬೇಕು.

ಬಳಿಕ ಒಳಅಂಚನ್ನು ದುಂಡಗೆ ಮಾಡಿ, ಒರಟಿನಿಂದ ನಯಕ್ಕೆ ಒಂದೊಂದೇ ಎಮರಿ ಕಾಗದದಿಂದ ಉಜ್ಜುತ್ತಾರೆ. ಕನ್ನಡಿಯ ಹೊಳಪಿನಲ್ಲಿ ಗೀರು ಬೇಗ ಕಾಣುತ್ತದೆ. ಮಂಕು ಮೈಯಲ್ಲಿ ಅಷ್ಟಾಗಿ ಕಾಣದು. ಬಣ್ಣ ಬೇಕಾದರೆ ಸೌಮ್ಯ ಲವಣದ್ರಾವಣದಲ್ಲಿ ಮುಳುಗಿಸಿ ನೇರ ವಿದ್ಯುತ್ ಹಾಯಿಸುತ್ತಾರೆ. ಸುಮಾರು 30 ವೋಲ್ಟಿಗೆ ನೀಲಿ, ಇನ್ನೂ ಏರಿಸಿದರೆ ಹಳದಿ. ಇದು ಬಳಿದ ಬಣ್ಣವಲ್ಲ. ಸಾಬೂನಿನ ಗುಳ್ಳೆಯಲ್ಲಿ ನಿಮಗೆ ತೋರಿಸಿದ ಅದೇ ಬೆಳಕಿನ ಆಟ. ಆಕ್ಸೈಡ್ ಪದರದ ದಪ್ಪ ಬದಲಾದಂತೆ ಬಣ್ಣ ಬದಲಾಗುತ್ತದೆ. ಆ ಪದರ ಬಹು ತೆಳು. ತೊಡುತ್ತ ತೊಡುತ್ತ ಸವೆಯುತ್ತದೆ.

ಇನ್ನು ಸೋದರಳಿಯನ ಪ್ರಶ್ನೆ. ಹಿಂದೊಮ್ಮೆ ಕಣಜ ಕಚ್ಚಿ ನನ್ನ ಅಕ್ಕನ ಬೆರಳು ಬಾತಾಗ, ಊರಿನ ಅಕ್ಕಸಾಲಿ ಚಿನ್ನದ ಉಂಗುರವನ್ನು ಎರಡು ನಿಮಿಷದಲ್ಲಿ ಕತ್ತರಿಸಿ ಅಗಲಿಸಿದರು. ಟೈಟಾನಿಯಂ ಅಷ್ಟು ಸುಲಭವಲ್ಲ. ಶುದ್ಧ ಲೋಹಕ್ಕಿಂತ, ಅಲ್ಯೂಮಿನಿಯಂ ಮತ್ತು ವೆನೇಡಿಯಂ ಬೆರೆತ ವಿಮಾನದ ದರ್ಜೆಯ ಮಿಶ್ರಲೋಹ ಇನ್ನೂ ಹಟಮಾರಿ. ಆದರೂ ಕತ್ತರಿಸಲು ಬರುತ್ತದೆ. ತಕ್ಕ ಗರಗಸದಿಂದ, ಬೆರಳು ಸುಡದಂತೆ ನೀರು ಹನಿಸುತ್ತ, ಅಗತ್ಯವಿದ್ದರೆ ಎರಡು ಕಡೆ ಕತ್ತರಿಸುತ್ತಾರೆ. ಉಂಗುರಕ್ಕಾಗಿ ಬೆರಳನ್ನು ಕಡಿಯಬೇಕೆಂಬುದು ಸುಳ್ಳು. ಆದರೆ ತಡಮಾಡಿದರೆ ರಕ್ತ ಹರಿಯದೆ ಬೆರಳಿಗೆ ಅಪಾಯ ಎಂಬುದು ನಿಜ.

ಆದ್ದರಿಂದ ಮಕ್ಕಳೇ, ಅಳತೆಯನ್ನು ಸಂಜೆಯ ಹೊತ್ತು, ಬೆರಳು ತುಸು ಉಬ್ಬಿದಾಗ ಕೊಡಿ. ಬೆಸುಗೆ ಹಾಕಿ ಹಿಗ್ಗಿಸುವ ಅನುಕೂಲ ಇಲ್ಲಿಲ್ಲ. ಶುದ್ಧ ಲೋಹದ್ದನ್ನೇ ಆರಿಸಿ. ಕೈಗೆ ಪೆಟ್ಟಾದರೆ ಬಾವು ಏರುವ ಮುನ್ನವೇ ತೆಗೆಯಿರಿ. ಸಿಕ್ಕಿಕೊಂಡರೆ ಕೈ ಎತ್ತಿ ಹಿಡಿದು, ತಣ್ಣೀರು, ಸಾಬೂನು ಹಚ್ಚಿ ನೋಡಿ. ಬೆರಳು ನೀಲಿಗಟ್ಟಿ ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ, ಉಂಗುರ ಯಾವ ಲೋಹದ್ದೆಂದು ಮೊದಲು ಹೇಳಿ. ತಿರುಗುವ ಯಂತ್ರದ ಮುಂದಂತೂ ಯಾವ ಲೋಹದ ಉಂಗುರವೂ ಬೇಡ. ಅದು ಸಿಕ್ಕಿ ಎಳೆದರೆ ಬೆರಳಿನ ಚರ್ಮವೇ ಸುಲಿದು ಬರಬಹುದು. ಬ್ಯಾಟರಿಯ ತಂತಿ ಮುಟ್ಟುವಾಗಲೂ ಕಳಚಿಡಿ.

ಸಂಬಂಧ ಗಟ್ಟಿಯಾಗಿರಲಿ ಎಂದು ಗಟ್ಟಿ ಲೋಹ ಆರಿಸುವುದು ಚೆಂದವೇ. ಕೆಲಸದ ಹೊತ್ತಿಗೆ ಅದನ್ನು ಕಳಚಿ ಜೇಬಿಗಿಟ್ಟರೆ ಪ್ರೀತಿಯೇನೂ ಕಡಿಮೆಯಾಗದು.