ಸಗರನಾಡಿನ ಖಾನಾವಳಿ ಬುತ್ತಿ

ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ಪ್ರವಾಸಿಗರ ಕಣ್ಮುಂದೆ ನಿಲ್ಲುವುದು ಕೋಟೆಯ ಗುಡ್ಡ, ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಸಾಲು, ಹಾಗೂ ೧೮೫೮ರಲ್ಲಿ ಆಂಗ್ಲರೊಡನೆ ಸೆಣಸಿದ ರಾಜಾ ವೆಂಕಟಪ್ಪ ನಾಯಕನ ನೆನಪು. ಇವನ್ನು ಕುರಿತು ಬರೆದವರು ಬಹಳ. ಎರಡು ಮನೆಯವರು ಕೂಡಿ ನಾಲ್ಕು ದಿನ ಆ ಸೀಮೆಯಲ್ಲಿ ಸುತ್ತಾಡಿ ಬಂದ ನಾವು ಹೇಳಹೊರಟಿರುವುದು ಮಾತ್ರ ಬಸ್ ನಿಲ್ದಾಣದ ಬದಿಗೆ, ಕೋರ್ಟಿನ ಎದುರಿಗೆ, ಆಸ್ಪತ್ರೆಯ ಓಣಿಯಲ್ಲಿ ಇರುವ ಖಾನಾವಳಿಗಳ ವಿಷಯ. ಅದರಲ್ಲಿಯೂ ಒಳಗೆ ಕುಳಿತು ಉಣ್ಣುವವರಿಗಿಂತ, ಬಾಗಿಲಲ್ಲಿ ನಿಂತು ಊಟ ಕಟ್ಟಿಸಿಕೊಂಡು ಹೋಗುವವರ ವಿಷಯ.

ದಕ್ಷಿಣದ ಜಿಲ್ಲೆಗಳ ವಾಚಕರಿಗಾಗಿ ಒಂದು ಮಾತು. ನಮ್ಮ ಕಡೆ ಹೋಟೆಲು ಬೇರೆ, ಖಾನಾವಳಿ ಬೇರೆ. ಚಹಾ, ಸುಸಲಾ, ಮಿರ್ಚಿ ಭಜಿಗೆ ಹೋಟೆಲು. ಹೊಟ್ಟೆ ತುಂಬ ಊಟಕ್ಕೆ ಖಾನಾವಳಿ. ‘ಲಿಂಗಾಯತ ಖಾನಾವಳಿ’ ಎಂಬ ಫಲಕ ಕಂಡರೆ ಅಲ್ಲಿ ಮಾಂಸದ ಅಡಿಗೆ ಇಲ್ಲವೆಂದು ದಾರಿಹೋಕನಿಗೆ ಎರಡೇ ಪದಗಳಲ್ಲಿ ತಿಳಿಯುತ್ತದೆ. ಉಣ್ಣಲು ಬರುವವರು ಎಲ್ಲ ಸಮಾಜದವರೂ ಹೌದು. ಪಂಕ್ತಿಯಲ್ಲಿ ಕುಳಿತವನ ಕುಲವನ್ನು ಕೇಳುವುದನ್ನು ನಾವು ಎಲ್ಲಿಯೂ ಕಾಣಲಿಲ್ಲ. ತಾಟಿನಲ್ಲಿ ಮೊದಲು ಬರುವುದು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಸವತಿಕಾಯಿ. ಆ ಮೇಲೆ ಮುಳಗಾಯಿಯ ಎಣ್ಣೆಗಾಯಿ, ಪುಂಡಿಪಲ್ಯ ಇಲ್ಲವೆ ಮಡಕಿಕಾಳು. ರೊಟ್ಟಿ ಮಾತ್ರ ಹಂಚಿನಿಂದ ನೇರವಾಗಿ ಒಂದೊಂದಾಗಿ ಬರುತ್ತಲೇ ಇರುತ್ತದೆ. “ಇನ್ನೊಂದ್ ಹಾಕ್ಲಿರಿ?” ಎಂಬ ಪ್ರಶ್ನೆ ಮೂರು ಸಲವಾದರೂ ಬರುತ್ತದೆ. ಮೂರನೆಯ ಸಲ ಬೇಡವೆಂದರೂ ಅರ್ಧ ಮುರಿದು ತಾಟಿಗೆ ಬೀಳುತ್ತದೆ.

ಅದೇ ಊಟವನ್ನು ಪಾರ್ಸಲ್ ಕೇಳಿದರೆ ಈ ಔದಾರ್ಯಕ್ಕೆ ಒಮ್ಮೆಲೇ ಗಣಿತ ಹತ್ತುತ್ತದೆ. ಯಾದಗಿರಿಯ ಒಂದು ಖಾನಾವಳಿಯಲ್ಲಿ ನಾವು ಮೂರು ಊಟ ಕಟ್ಟಿಸಿದೆವು. ಪೊಟ್ಟಣ ಬಿಚ್ಚಿದಾಗ ಒಂದೊಂದು ಊಟಕ್ಕೆ ಮೂರೇ ರೊಟ್ಟಿ. ಹಿಂದಿನ ಮಧ್ಯಾಹ್ನ ಅಲ್ಲಿಯೇ ಕುಳಿತು ಐದೈದು ಉಂಡವರು ನಾವು. ಕೊಟ್ಟ ಹಣವೂ ಅಷ್ಟೇ. ಮರುದಿನ ಯಜಮಾನರನ್ನು ಕೇಳಿದಾಗ ಅವರು ನಕ್ಕು, “ಕುಂತು ಉಂಡ್ರ ಲೆಕ್ಕ ಇಲ್ಲರಿ ಸಾವಕಾರ್ರ, ಕಟ್ಟಿಕೊಂಡು ಹೋದ್ರ ಲೆಕ್ಕ ಅದ ನೋಡ್ರಿ. ಹೊಟ್ಟಿಗಿ ಒಂದು ಮಿತಿ ಅದ, ಚೀಲಕ್ಕ ಎಲ್ಲಿ ಅದರಿ?” ಎಂದರು. ಈ ನ್ಯಾಯವನ್ನು ತಳ್ಳಿಹಾಕುವಂತಿಲ್ಲ. ಆದರೂ ಒಂದು ಊಟಕ್ಕೆ ಎಷ್ಟು ರೊಟ್ಟಿಯೆಂಬುದನ್ನು ಗೋಡೆಯ ಮೇಲೆ ಬರೆದಿಟ್ಟರೆ ಗಿರಾಕಿಗೂ ಯಜಮಾನನಿಗೂ ಮನಸ್ತಾಪ ತಪ್ಪುತ್ತದೆಂಬುದು ನಮ್ಮ ಅಭಿಪ್ರಾಯ. ಸುರಪುರದ ಒಂದು ಕಡೆ ಹಾಗೆ ಬರೆದಿದ್ದರು. ಹೆಚ್ಚಿಗೆ ಬೇಕಾದರೆ ಒಂದಕ್ಕಿಷ್ಟು ಎಂದು ಬೆಲೆಯನ್ನೂ ಸೂಚಿಸಿದ್ದರು. ಅಲ್ಲಿ ತಕರಾರು ಕೇಳಿಬರಲಿಲ್ಲ.

ಹೀಗೆ ಕಟ್ಟಿಸಿಕೊಂಡು ಹೋಗುವವರು ಯಾರು? ಯಾದಗಿರಿಯ ಒಂದು ಬಾಗಿಲಲ್ಲಿ ರಾತ್ರಿ ಎಂಟರ ಸುಮಾರಿಗೆ ಅರ್ಧ ತಾಸು ನಿಂತು ನೋಡಿದೆವು. ೨೦೦೯ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯ ಅಧಿಸೂಚನೆಯಾದ ಮೇಲೆ ಈ ಊರಿಗೆ ಕಚೇರಿಗಳು ಬಂದವು. ಸಂಸಾರವನ್ನು ಬೇರೆ ಊರಿನಲ್ಲಿಟ್ಟು ಇಲ್ಲಿ ಕೋಣೆ ಹಿಡಿದ ನೌಕರರೂ ಬಂದರು. ಅವರೊಂದು ಪಾಲು. ಮುಂಬಯಿ–ಚೆನ್ನೈ ರೈಲು ಮಾರ್ಗದ ನಿಲ್ದಾಣ ಇಲ್ಲಿರುವುದರಿಂದ, ರೈಲೇ ಇಲ್ಲದ ಶಹಾಪುರ, ಸುರಪುರಗಳವರೂ ಗಾಡಿ ಹಿಡಿಯಲು ಇಲ್ಲಿಗೇ ಬರಬೇಕು. ಮುಂಬಯಿ, ಪುಣೆಗಳಿಗೆ ದುಡಿಯಲು ಹೊರಟ ಬಡಕುಟುಂಬಗಳು ಹೆಚ್ಚಾಗಿ ಮನೆಯ ಖಡಕ್ ರೊಟ್ಟಿಯನ್ನೇ ಗಂಟು ಕಟ್ಟಿರುತ್ತವೆ. ಖಾನಾವಳಿಯಿಂದ ಪಲ್ಯ ಮಾತ್ರ ಕೊಳ್ಳುತ್ತವೆ. ಇನ್ನುಳಿದವರು ಆಸ್ಪತ್ರೆಯವರು. ಹೆರಿಗೆಗೆ ಬಂದ ಮಗಳ ಬಳಿ ತಾಯಿ ಕುಳಿತಿದ್ದಾಳೆ. ಹೊರಗೆ ತಿರುಗಾಡುವ ತಂದೆ ಒಂದೇ ಊಟ ಕಟ್ಟಿಸಿ ಮೂವರು ಉಣ್ಣುವ ಲೆಕ್ಕ ಹಾಕುತ್ತಿದ್ದಾನೆ. “ಖಾರ ಕಮ್ಮಿ ಇರ್ಲಿರಿ, ಬಾಣಂತಿಗಿ” ಎಂದಾಗ ಒಳಗಿನಿಂದ ಬೇಳೆಯ ತಿಳಿ ಬೇರೆ ಬಟ್ಟಲಿನಲ್ಲಿ ಬಂತು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಗಣಿತ ಹೇಳಿದ ಯಜಮಾನರ ಖಾನಾವಳಿಯೇ ಅದು.

ಯಾದಗಿರಿಯಿಂದ ಭೀಮಾ ನದಿಯ ಸೇತುವೆ ದಾಟಿ ಶಹಾಪುರದ ದಾರಿ ಹಿಡಿದೆವು. ಒಂದು ಕಾಲಕ್ಕೆ ಈ ಸೀಮೆಯೆಲ್ಲ ಜೋಳದ ಹೊಲ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ೧೯೮೨ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರಗಳ ಕರಿಮಣ್ಣಿನಲ್ಲಿ ಭತ್ತದ ಗದ್ದೆಗಳೆದ್ದವು; ಹತ್ತಿಯೂ ಬಂತು. ನೀರು ಬಂದುದು ಭಾಗ್ಯವೇ ಸರಿ, ಅದನ್ನು ಹಳಿಯಲಾರೆವು. ೨೦೧೩ರಿಂದ ಅನ್ನಭಾಗ್ಯದ ಅಕ್ಕಿಯೂ ಮನೆಮನೆಗೆ ಮುಟ್ಟಿತು. ಹೀಗೆ ಅನ್ನ ಸುಲಭವಾಯಿತು, ಜೋಳ ಕೊಳ್ಳುವ ಧಾನ್ಯವಾಯಿತು. ಅಜ್ಜಂದಿರ ಕಾಲದಲ್ಲಿ ಅನ್ನವೆಂದರೆ ಹಬ್ಬ. ಈಗ ಪೇಟೆಯ ಮನೆಗಳಲ್ಲಿ ವಾರದೊಳಗೆ ನಾಲ್ಕು ದಿನ ಅನ್ನ, ಮನಸ್ಸು ಬಯಸಿದಾಗ ‘ರೊಟ್ಟಿ ತರಸೋಣ’ ಎಂಬ ಮಾತು.

ತರಿಸಬೇಕಾಗಿ ಬರಲು ರೊಟ್ಟಿಯ ಸ್ವಭಾವವೂ ಕಾರಣ. ಗೋಧಿಯ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದರೊಳಗಿನ ಪಿಷ್ಟ ಬೆಂದು ಜಿಗುಟು ಹುಟ್ಟುತ್ತದೆ. ಹಿಟ್ಟು ಹಳತಾದರೆ ಆ ಜಿಗುಟೂ ಹೋಗಿ ಅಂಚು ಬಿರಿಯುತ್ತದೆ. ಆದುದರಿಂದ ಹೊಸದಾಗಿ ಬೀಸಿದ ಹಿಟ್ಟು ಬೇಕು, ಬಿಸಿ ತಾಳುವ ಅಂಗೈ ಬೇಕು, ಬಡಿಯುತ್ತ ಬಡಿಯುತ್ತ ತಿರುಗಿಸುವ ಹದ ಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಬೆಳಗ್ಗೆ ಒಂಬತ್ತಕ್ಕೆ ಶಾಲೆಗೋ ಕಚೇರಿಗೋ ಹೋಗುವ ಸೊಸೆಯಿಂದ ಇದನ್ನು ನಿತ್ಯ ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಶಹಾಪುರದಲ್ಲಿ ನಮಗೆ ಕಂಡ ಒಬ್ಬ ನಿವೃತ್ತ ಶಿಕ್ಷಕರನ್ನು ಮರೆಯಲಾಗಿಲ್ಲ. ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಹಿಡಿದು ನಿತ್ಯ ಸಂಜೆ ಏಳಕ್ಕೆ ಖಾನಾವಳಿಗೆ ಬರುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ. ಮನೆಯಾಕೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. “ನಲವತ್ತೈದು ವರ್ಷ ಆಕಿ ಬಡದ ರೊಟ್ಟಿ ಉಂಡೀನಿ. ಈಗ ನಾ ತಂದಿದ್ದು ಆಕಿ ಉಣ್ತಾಳ. ಒಂದಿನಾರ ಚಲೋ ಆಗ್ಯಾವ ಅಂದಿಲ್ಲ ನೋಡ್ರಿ!” ಎಂದು ನಗುತ್ತಲೇ ಹೇಳಿದರು. ಆಕೆಗೆ ಅಂಚು ದಪ್ಪವಾದ ರೊಟ್ಟಿ ಸೇರದು. ಅದಕ್ಕೆಂದೇ ಒಳಗಿನ ಹೆಣ್ಣುಮಗಳು ಎರಡು ತೆಳುವಾದವನ್ನು ಬೇರೆ ತೆಗೆದಿಟ್ಟು, “ಮುತ್ಯಾ, ಇವು ಅಮ್ಮಂದು, ಮ್ಯಾಲ ಇಟ್ಟೀನಿ” ಎಂದು ಕೂಗಿ ಹೇಳುತ್ತಾಳೆ. ಆ ಇಬ್ಬರು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿಲ್ಲ.

ಇದನ್ನು ಕೇಳಿದ ಮೇಲೆ ನಮಗೆ ಒಂದು ವಿಚಾರ ಹೊಳೆಯಿತು. ಖಾನಾವಳಿಯು ಹಿಂದಿನಿಂದಲೂ ಗಂಡಸರ ಜಾಗ. ಕೋರ್ಟಿಗೆ ಬಂದ ಕಕ್ಷಿದಾರರು, ಅಡತಿಗೆ ಮಾಲು ತಂದ ರೈತರು, ಓದುವ ಹುಡುಗರು, ವಕೀಲರು ಅಲ್ಲಿ ಉಂಡರು. ಮನೆಯ ಹೆಂಗಸರು ಅಲ್ಲಿ ಕುಳಿತದ್ದು ಅಪರೂಪ. ಈಗ ಕುಟುಂಬಸಮೇತ ಬರುವವರಿಗಾಗಿ ಮರೆಯ ಕೋಣೆಗಳಾಗಿವೆ ನಿಜ. ಆದರೆ ನಮ್ಮ ತಾಯಂದಿರಿಗೆ ಖಾನಾವಳಿಯ ಎಣ್ಣೆಗಾಯಿಯ ರುಚಿ ಗೊತ್ತಾದದ್ದು ಪಾರ್ಸಲ್ಲಿನಿಂದಲೇ. ಇನ್ನೊಬ್ಬರು ಮಾಡಿದ ಬಿಸಿ ಊಟವನ್ನು ತಾನು ಕುಳಿತು ಉಣ್ಣುವ ಸುಖ ಆಕೆಗೆ ದೊರೆತದ್ದೂ ಅದರಿಂದಲೇ. ಸುರಪುರದಲ್ಲಿ ಪಾರ್ಸಲ್ಲಿಗೆ ನಿಂತಿದ್ದ ಒಬ್ಬ ತಾಯಿಯನ್ನು ನಮ್ಮ ಅತ್ತಿಗೆಯವರು ಮಾತನಾಡಿಸಿದಾಗ ಆಕೆ, “ಇವತ್ತ ನಂಗ ಸೂಟಿ ಕೊಟ್ಟಾರ್ರಿ ಅಕ್ಕೋರ” ಎಂದಳು. ಮನೆಯಲ್ಲಿ ಸೊಸೆಯ ಸೀಮಂತವಂತೆ, ಇಪ್ಪತ್ತು ಜನರ ರೊಟ್ಟಿ.

ಆದರೆ ಆ ಸೂಟಿಯನ್ನು ದುಡಿದು ಕೊಡುವವಳೂ ಒಬ್ಬ ಹೆಣ್ಣುಮಗಳೇ. ಅದೇ ಖಾನಾವಳಿಯ ಹಿಂದುಗಡೆಗೆ ಅತ್ತಿಗೆಯವರು ಅಪ್ಪಣೆ ಪಡೆದು ಹೋದರು. ಬಾಗಿಲತನಕ ನಾವೂ ಹೋದೆವು. ತಗಡಿನ ಮಾಡು, ನಾಲ್ಕು ಒಲೆ, ನಾಲ್ವರು ಹೆಂಗಸರು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುವುದು, ಅದು ಬೇಯುವಷ್ಟರಲ್ಲಿ ಮುಂದಿನದನ್ನು ಬಡಿಯುವುದು. ಮಾತು ನಿಂತರೂ ಕೈ ನಿಲ್ಲದು. ಕೂಲಿ ರೊಟ್ಟಿಯ ಎಣಿಕೆಯ ಮೇಲೆ. ಬಿಸಿಲುಗಾಲದಲ್ಲಿ ಆ ಮಾಡಿನ ಕೆಳಗೆ ಐದು ನಿಮಿಷ ನಿಲ್ಲುವುದೂ ನಮಗೆ ಕಷ್ಟವಾಯಿತು. ಒಬ್ಬಾಕೆ ಹದಿನಾರು ವರ್ಷದಿಂದ ಬಡಿಯುತ್ತಿದ್ದಾಳೆ. ಮಗಳಿಗೆ ಕಲಿಸಿದ್ದೀಯಾ ಎಂದರೆ, “ಇಲ್ಲರಿ ಅಕ್ಕೋರ, ಕಲಸಂಗಿಲ್ಲ. ಆಕಿ ನರ್ಸ್ ಓದ್ಲಿಕತ್ತಾಳ” ಎಂದಳು. ಆ ಧ್ವನಿಯಲ್ಲಿ ವಿಷಾದವಿರಲಿಲ್ಲ, ಹೆಮ್ಮೆಯಿತ್ತು. ರೊಟ್ಟಿಯ ಕಲೆ ಉಳಿಯಬೇಕೆಂದು ಕುಳಿತಲ್ಲಿ ಉಣ್ಣುತ್ತ ಹಂಬಲಿಸುವ ನಾವು ಈ ಉತ್ತರವನ್ನೂ ಕೇಳಿಸಿಕೊಳ್ಳಬೇಕು. ರೊಟ್ಟಿ ಯಂತ್ರಗಳು ಬಂದಿವೆ. ಅವು ಮಾಡುವ ಖಡಕ್ ರೊಟ್ಟಿ ಅಡ್ಡಿಯಿಲ್ಲ. ಮೆತ್ತನೆಯ ಬಿಸಿರೊಟ್ಟಿಯಲ್ಲಿ ಮಾತ್ರ ಯಂತ್ರ ಇನ್ನೂ ಕೈಗೆ ಸಮನಾಗಿಲ್ಲ. ಹಾಗಾದರೆ ಕೈಗೆ ಸಲ್ಲಬೇಕಾದ ಬೆಲೆ ಸಲ್ಲಲಿ. ರೊಟ್ಟಿಗೆ ಎರಡು ರೂಪಾಯಿ ಏರಿತೆಂದು ಬಾಗಿಲಲ್ಲಿ ವಾದಿಸುವ ಗಿರಾಕಿಗಳನ್ನು ಕಂಡಾಗ ನಮಗೆ ಹೀಗೆನಿಸಿತು.

ಕೈಗೆ ಬೆಲೆ ಬರುವುದು ಸಾಧ್ಯವಿಲ್ಲದ ಮಾತಲ್ಲ. ನೆರೆಯ ಕಲಬುರಗಿಯಲ್ಲಿ ಮಹಿಳೆಯರ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡಿ, ಬೆಂಗಳೂರಿಗೂ ಕಳಿಸುವುದನ್ನು ಪ್ರಧಾನಮಂತ್ರಿಯವರು ೨೦೨೫ರ ಜೂನ್ ತಿಂಗಳ ಆಕಾಶವಾಣಿ ಭಾಷಣದಲ್ಲಿ ಪ್ರಸ್ತಾಪಿಸಿದರು. ರೊಟ್ಟಿಯನ್ನು ಮನೆಯ ಹೊಸ್ತಿಲಾಚೆ ಕಳಿಸುವುದು ನಮಗೆ ಹೊಸದೇನೂ ಅಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಬಂಡಿಗಟ್ಟಲೆ ರೊಟ್ಟಿ ಬರುತ್ತದೆ. ಡಂಬಳದ ರೊಟ್ಟಿ ಜಾತ್ರೆಯಲ್ಲಿ ಭಕ್ತರು ಅದನ್ನು ಕೈಯಲ್ಲಿಯೇ ಹಿಡಿದು ಪಲ್ಯದೊಡನೆ ಉಣ್ಣುತ್ತಾರೆ. ತಾಟಿನ ಗೊಡವೆಯೇ ಇಲ್ಲ.

ಖಾನಾವಳಿಯವರಿಗೆ ಪಾರ್ಸಲ್ಲಿನ ಮಹತ್ವ ತಿಳಿದದ್ದು ೨೦೨೦ರ ಮಾರ್ಚಿಯ ಲಾಕ್‌ಡೌನಿನಲ್ಲಿ. ಕೂರಿಸಿ ಬಡಿಸುವುದಕ್ಕೆ ನಿಷೇಧ, ಕಟ್ಟಿ ಕೊಡುವುದಕ್ಕೆ ಮಾತ್ರ ಅನುಮತಿ. ಮೇ ತಿಂಗಳಲ್ಲಿ ಮುಂಬಯಿ ಕಡೆಯಿಂದ ದುಡಿಯುವ ಜನ ಗುಂಪುಗುಂಪಾಗಿ ಜಿಲ್ಲೆಗೆ ಮರಳಿದರು. ಬಾಗಿಲು ಅರ್ಧ ತೆರೆದು ಪೊಟ್ಟಣ ಮಾರಿಯೇ ಒಲೆ ಆರದಂತೆ ಕಾಯ್ದುಕೊಂಡೆವೆಂದು ಯಾದಗಿರಿಯ ಯಜಮಾನರೊಬ್ಬರು ಹೇಳಿದರು. ಆಗ ಹತ್ತಿದ ರೂಢಿ ಜೂನಿನಲ್ಲಿ ಪಂಕ್ತಿ ಮತ್ತೆ ಆರಂಭವಾದ ಮೇಲೂ ಬಿಡಲಿಲ್ಲ.

ಕಟ್ಟುವ ಕ್ರಮದ ಬಗ್ಗೆ ಮಾತ್ರ ನಮ್ಮ ದೂರು ಇದೆ. ರಾಜ್ಯದಲ್ಲಿ ೨೦೧೬ರಲ್ಲಿಯೇ ಪ್ಲಾಸ್ಟಿಕ್ ಚೀಲಗಳ ನಿಷೇಧವಾಗಿದೆ; ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳನ್ನು ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಲ್ಲಿಸಲಾಗಿದೆ. ಆದರೂ ಕುದಿಯುವ ಸಾರನ್ನು ತೆಳುವಾದ ಚೀಲಕ್ಕೆ ಸುರಿದು ದಾರ ಸುತ್ತುವುದು ನಿಂತಿಲ್ಲ. ರೊಟ್ಟಿಯನ್ನು ಅಚ್ಚಿನ ಮಸಿ ಹತ್ತುವ ಹಳೆಯ ಪತ್ರಿಕೆಯಲ್ಲಿ ಸುತ್ತುವುದೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಬಿಸಿರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗೇ ಉಗಿ ನೀರಾಗಿ ಹತ್ತು ನಿಮಿಷದಲ್ಲಿ ಅದು ಮುದ್ದೆಯಾಗುತ್ತದೆ. ಒಂದು ಕೈವಸ್ತ್ರದಷ್ಟು ಬಿಳಿಯ ಅರಿವೆ ಒಯ್ದರೆ ಈ ತೊಂದರೆಯಿಲ್ಲ. ಅರಿವೆಗೆ ಉಗಿ ಹೀರುವ ಗುಣವಿದೆ. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ತಿಳಿದಿತ್ತು.

ಕೊನೆಯ ದಿನ ಸುರಪುರದಲ್ಲಿ ಹಾಗೆಯೇ ಅರಿವೆಯಲ್ಲಿ ಕಟ್ಟಿಸಿದ ರೊಟ್ಟಿ, ಡಬ್ಬಿಯಲ್ಲಿ ಪುಂಡಿಪಲ್ಯ, ಗಡಿಗೆ ಮೊಸರು ಹಿಡಿದು ಟೇಲರ್ ಮಂಜಿಲ್ ಇರುವ ಗುಡ್ಡವನ್ನೇರಿದೆವು. ೧೮೪೧ರಿಂದ ೧೮೫೩ರವರೆಗೆ ಈ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನ ಬಂಗಲೆಯದು. ಸುತ್ತಲೂ ಬಂಡೆಗಲ್ಲುಗಳ ಗುಡ್ಡಗಳು, ನಡುವೆ ಊರು. ತಾಸಿನ ಮೇಲಾಗಿದ್ದರೂ ರೊಟ್ಟಿ ಮೆತ್ತಗೇ ಇತ್ತು. ಇಲ್ಲಿ ಕೇಳುವವರಿಲ್ಲದ್ದರಿಂದ “ಇನ್ನೊಂದ್ ಹಾಕ್ಲಿರಿ?” ಎಂದು ಮಕ್ಕಳೇ ಆಟವಾಡುತ್ತ ಬಡಿಸಿದರು.

ಹೋಗುವವರ ಅನುಕೂಲಕ್ಕಾಗಿ: ಮಧ್ಯಾಹ್ನದ ಊಟ ಹನ್ನೆರಡರಿಂದ ಮೂರರವರೆಗೆ ಬಿಸಿಯಾಗಿ ಸಿಗುತ್ತದೆ, ನಡುವೆ ಒಲೆಗೆ ವಿರಾಮವಿದ್ದು ಮತ್ತೆ ಸಂಜೆ ಏಳರ ಮೇಲೆ. ಹತ್ತಕ್ಕಿಂತ ಹೆಚ್ಚು ಊಟ ಬೇಕಾದರೆ ಬೆಳಗ್ಗೆಯೇ ಹೇಳಿಡಬೇಕು. ಎಳ್ಳಮಾಸೆಯ ಹೊತ್ತಿಗೆ ಸಜ್ಜೆರೊಟ್ಟಿಗೆ ನೂಕುನುಗ್ಗಲು, ಎರಡು ಮೂರು ದಿನ ಮುಂಚಿತವಾಗಿ ತಿಳಿಸುವುದು ಲೇಸು. ಡಬ್ಬಿ, ಅರಿವೆ ನಿಮ್ಮವೇ ಇರಲಿ. ಎಷ್ಟು ರೊಟ್ಟಿಯೆಂಬುದನ್ನು ಹಣ ಕೊಡುವ ಮುಂಚೆಯೇ ಕೇಳಿಕೊಳ್ಳಿರಿ.