ನಾನ್‌ಖಟಾಯಿಯ ತೂಕ

ಮೊಟ್ಟೆ ಬೆರೆಸಿಲ್ಲವೆಂಬ ಒಂದೇ ಕಾರಣದಿಂದ ನಾನ್‌ಖಟಾಯಿಯನ್ನು ನಮ್ಮ ಮನೆಗಳಲ್ಲಿ ನಿರಪಾಯಕರವೆಂದು ಬಗೆಯುವುದುಂಟು. ಮಧುಮೇಹವಿರುವ ಹಿರಿಯರಿಗೂ ಚಹದೊಡನೆ ನಾಲ್ಕು ನೀಡುವುದನ್ನು ನಾವು ಕಂಡಿದ್ದೇವೆ. 100 ಗ್ರಾಂ ಮೈದಾ, 50 ಗ್ರಾಂ ಸಕ್ಕರೆ, 50 ಗ್ರಾಂ ತುಪ್ಪ ಕಲಸಿ ಹತ್ತು ಉಂಡೆ ತಟ್ಟಿ ಬೇಯಿಸಿದರೆ ಒಂದೊಂದಕ್ಕೂ ಸುಮಾರು 100 ಕ್ಯಾಲೊರಿ. ಅದರಲ್ಲಿ ಅರ್ಧಕ್ಕೆ ಸಮೀಪದಷ್ಟು ಕೊಬ್ಬಿನದು. ಬಾಯಲ್ಲಿ ಕರಗುವ ಆ ಸೊಗಸೂ ಅದರದೇ! ಸಸಾರಜನಕ ಒಂದು ಗ್ರಾಂನಷ್ಟು; ನಾರು ಹೆಸರಿಗೆ ಮಾತ್ರ. ಸಕ್ಕರೆಯನ್ನು ತಗ್ಗಿಸಿದರಾಯಿತು ಎನ್ನುವವರು ಮೈದಾವನ್ನು ಮರೆಯುತ್ತಾರೆ. ಅದೂ ರಕ್ತದಲ್ಲಿ ಬೇಗನೆ ಸಕ್ಕರೆಯಾಗುವಂಥದೇ. ಅಜ್ಜನವರ ತಟ್ಟೆಯಲ್ಲಿ ಒಂದನ್ನೇ ಇಟ್ಟು, ಪಕ್ಕದಲ್ಲಿ ಒಂದು ಹಿಡಿ ಪುಟಾಣಿ ಇಡುವ ಸೊಸೆಯನ್ನು ಜಿಪುಣಳೆನ್ನಲಾಗದು. ಇನ್ನು ಬೇಕರಿಯದಾದರೆ ತುಪ್ಪದ ಸ್ಥಾನದಲ್ಲಿ ಅನೇಕ ವೇಳೆ ವನಸ್ಪತಿ. ಅಂಥ ಕೊಬ್ಬಿನಲ್ಲಿ ಟ್ರಾನ್ಸ್ ಅಂಶ ಶೇಕಡ 2ನ್ನು ಮೀರಕೂಡದೆಂದು 2022ರಿಂದ ನಿಯಮವಿದೆ. ಒಳ್ಳೆಯದೇ ಆಯಿತು; ಕ್ಯಾಲೊರಿ ಮಾತ್ರ ಅದರಿಂದ ಇಳಿಯಲಿಲ್ಲ.