ಅವ್ವ, ನಾನು ಮತ್ತು ಕೊರಿಯಾದ ಓಣಿ

ಆಫೀಸಿನಲ್ಲಿ ಊಟದ ಹೊತ್ತಿಗೆ ಕೊರಿಯನ್ ಡ್ರಾಮಾದ ಮಾತು ಬಂದರೆ ಒಬ್ಬರಾದರೂ ಕೇಳುತ್ತಾರೆ, "ನಾನೂ ನೋಡಬೇಕು, ಎಲ್ಲಿಂದ ಶುರು ಮಾಡ್ಲಿ?" ಬಹಳ ಮಂದಿ 2021ರ 'ಸ್ಕ್ವಿಡ್ ಗೇಮ್'ನಿಂದ ಶುರು ಮಾಡಿದವರು. ಅದರ ರಕ್ತಪಾತ ನೋಡಿ ಅಲ್ಲಿಗೇ ನಿಲ್ಲಿಸಿದವರೂ ಇದ್ದಾರೆ. ನನ್ನ ಉತ್ತರ ಒಂದೇ: 'ರಿಪ್ಲೈ 1988' ನೋಡಿ. ಒಬ್ಬರೇ ನೋಡಬೇಡಿ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಿ.

ನಾನು ನೋಡಿದ್ದು ಹಾಗೆಯೇ. ನಮ್ಮದು ಶಹಾಪುರ. ಅಪ್ಪ ತೀರಿಕೊಂಡ ವರ್ಷ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಪಡೆದು 4 ತಿಂಗಳು ಊರಿನಲ್ಲಿದ್ದೆ. ಹಗಲು ಮೀಟಿಂಗ್, ಕೋಡ್ ಅಂತ ಕಳೆಯುತ್ತಿತ್ತು. ಸಂಜೆ ಕಷ್ಟ. ಅವ್ವ ಟಿವಿ ಹಚ್ಚುವುದನ್ನೇ ಬಿಟ್ಟಿದ್ದಳು. ಧಾರಾವಾಹಿ ಹಾಕಿದರೆ "ಸಾಕವಾ, ನನಗ್ಯಾಕ ಅದು" ಎಂದು ಎದ್ದುಹೋಗುತ್ತಿದ್ದಳು. ಬೀಗರ ಮನೆಯ ಮದುವೆ, ಕುಬಸಕ್ಕೂ ಹೋಗುತ್ತಿರಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ತಾನೇ ಹಿಂದೆ ಸರಿದಿದ್ದಳು.

ಒಂದು ಸಂಜೆ ಲ್ಯಾಪ್‌ಟಾಪ್ ಅನ್ನು ಟಿವಿಗೆ ಜೋಡಿಸಿ ಈ ಸರಣಿ ಹಾಕಿದೆ. ಸಿಯೋಲ್‌ನ ಒಂದು ಓಣಿ, 5 ಕುಟುಂಬ, ಅಲ್ಲಿ ಒಲಿಂಪಿಕ್ಸ್ ನಡೆದ ಕಾಲ. 2015ರ ನವೆಂಬರಿನಿಂದ 2016ರ ಜನವರಿವರೆಗೆ ಪ್ರಸಾರವಾದದ್ದು, ಒಟ್ಟು 20 ಕಂತು. ಕೊರಿಯನ್ ಡ್ರಾಮಾಗಳ ದೊಡ್ಡ ಅನುಕೂಲವೇ ಇದು. ನಮ್ಮ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ಬಹಳಷ್ಟು 16 ಕಂತಿನ ಆಸುಪಾಸಿನಲ್ಲಿ ಮುಗಿಯುತ್ತವೆ.

ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಕೆಳಗಿನ ಸಾಲು ಓದಿ ನಾನು ನಮ್ಮ ಭಾಷೆಯಲ್ಲಿ ಹೇಳುವುದು, ಅವಳು ನೋಡುವುದು. ಮೊದಲ ಕಂತಿನಲ್ಲೇ ಹುಡುಗಿ "ಅಪ್ಪಾ" ಅಂದಳು. ಅವ್ವ ಥಟ್ಟನೆ ತಿರುಗಿದಳು.

"ಏನಂದ್ಳಕಿ?"

"ಅಪ್ಪಾ ಅಂದ್ಳವಾ. ಅವರೂ ಹಂಗೇ ಅಂತಾರ. ಅವ್ವಗ ಒಮ್ಮಾ ಅಂತಾರ."

ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ನೀ ಅನ್ನಲೋ ನೀವು ಅನ್ನಲೋ ಎಂದು ನಾನು ತಡೆದರೆ ಅವ್ವನೇ ಹೇಳುತ್ತಿದ್ದಳು: "ಕಡೀಗಿ 'ಯೊ' ಅಂದ್ಳಲ್ಲ, ಅದು ಮರ್ಯಾದಿ ಇರಬೇಕು. ನೀವು ಅನ್ನು." ನಿಜ. ಕೊರಿಯನ್ನರು ಗೌರವದಿಂದ ಮಾತಾಡುವಾಗ ಕ್ರಿಯಾಪದದ ಕೊನೆಗೆ 'ಯೊ' ಸೇರುತ್ತದೆ. ಕ್ರಿಯಾಪದ ನಮ್ಮ ಹಾಗೆಯೇ ವಾಕ್ಯದ ಕೊನೆಗೆ ಬರುತ್ತದೆ. ಅವ್ವ ಅದನ್ನು ಕಿವಿಯಿಂದಲೇ ಹಿಡಿದಿದ್ದಳು.

ಊಟದ ಹೊತ್ತಿಗೆ ಒಂದು ಮನೆಯ ಪಲ್ಯ ಇನ್ನೊಂದು ಮನೆಗೆ, ಅಲ್ಲಿಂದ ಬಟ್ಟಲು ತುಂಬಿ ಮತ್ತೊಂದು ಮನೆಗೆ ಓಡಾಡುವ ದೃಶ್ಯಕ್ಕೆ ಅವ್ವ ನಕ್ಕಳು. "ನಮ್ಮ ಸುರಪುರದ ಓಣಿ ಹಿಂಗೇ ಇತ್ತು. ಖಾಲಿ ಬಟ್ಟಲ ಯಾರೂ ತಿರುಗಿ ಕೊಡ್ತಿರಲಿಲ್ಲ." ಗೆಳೆಯನ ಸಾಲಕ್ಕೆ ಜಾಮೀನು ನಿಂತು ಸೋತ ತಂದೆಯ ಕಥೆ ಬಂದಾಗ, "ನಿಮ್ಮಪ್ಪನೂ ಇಂಥಾ ಮನುಷ್ಯಾನೇ" ಎಂದು ಶುರು ಮಾಡಿದಳು. ಆ ದಿನ ಡ್ರಾಮಾ ಅಲ್ಲಿಗೇ ನಿಂತಿತು. ಅಷ್ಟು ದಿನ ಎತ್ತದಿದ್ದ ಅಪ್ಪನ ಮಾತು ರಾತ್ರಿ 12ರವರೆಗೆ ನಡೆಯಿತು.

ಅದೇ ಓಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಇದ್ದಾಳೆ, ಹೆಂಡತಿಯನ್ನು ಕಳೆದುಕೊಂಡ ಒಬ್ಬ ತಂದೆಯೂ. ಇಬ್ಬರೂ ನಿಧಾನಕ್ಕೆ ಹತ್ತಿರವಾಗುತ್ತಾರೆ. ಇದನ್ನು ಅವ್ವನಿಗೆ ಹೇಗೆ ಓದಿ ಹೇಳುವುದು ಎಂದು ನನಗೆ ಅಳುಕು. ಅವಳೇ ಕೇಳಿದಳು.

"ಅಕಿ ಮಗ ಏನಂತಾನ?"

"ಮೊದ್ಲು ಬ್ಯಾಸರ ಮಾಡ್ಕೊಂಡ. ಆಮ್ಯಾಗ ಒಪ್ದ."

ಅವ್ವ ಬಹಳ ಹೊತ್ತು ಸುಮ್ಮನಿದ್ದಳು. "ಮದ್ವಿ ಮಾಡ್ಕೊಳ್ಳೋದು ಬಿಡೋದು ಅಕಿ ಇಚ್ಛಾ. ಆದ್ರ ಕಟ್ಟಿಮ್ಯಾಗ ಎಲ್ಲಾರ ಜೋಡಿ ಕುಂತು ನಗತಾಳ ನೋಡು, ಅದು ಚಂದ ಅದ."

ಮುಂದಿನ ವಾರ ಸುರಪುರದಲ್ಲಿ ಸೋದರಮಾವನ ಮಗಳ ಕುಬಸ. ನಾನು ಕೇಳುವ ಮೊದಲೇ ಅವ್ವ ಇಳಕಲ್ ಸೀರೆ ತೆಗೆದಿಟ್ಟಿದ್ದಳು. ಅಲ್ಲಿ ಆರತಿ ತಟ್ಟೆ ಹಿಡಿಯಲಿಲ್ಲ. ಆದರೆ ಒಳಗಿನ ಕೋಣೆಯಲ್ಲೂ ಕೂಡಲಿಲ್ಲ. ಹೆಣ್ಣುಮಕ್ಕಳ ನಡುವೆ ಕೂತು ಹಾಡು ಹೇಳಿದಳು. ಡ್ರಾಮಾ ನೋಡಿ ಬದಲಾದಳು ಎಂದು ನಾನು ಹೇಳಲಾರೆ. ಮನಸ್ಸಿನಲ್ಲಿ ಮೊದಲೇ ಇದ್ದಿರಬಹುದು. ಆದರೆ ಆ ವಿಷಯ ನಾವಿಬ್ಬರೂ ಮಾತಾಡಲು ದೂರದ ಓಣಿಯೊಂದು ಬೇಕಾಯಿತು.

ಶುರು ಮಾಡುವವರಿಗೆ ಇಷ್ಟು ಹೇಳುತ್ತೇನೆ. ಮೊದಲ 2 ಕಂತಿನಲ್ಲಿ ಹೆಸರು ನೆನಪು ಉಳಿಯುವುದಿಲ್ಲ, ಚಿಂತೆ ಬೇಡ. ಬಾದುಕ್ ಎಂಬ ಕಲ್ಲಿನ ಆಟ ಆಡುವ ಹುಡುಗ ಅವ್ವನಿಗೆ ಕೊನೆಯವರೆಗೂ 'ಕಲ್ಲಾಟದಾಂವ'. 'ರಿಪ್ಲೈ' ಉದ್ದ ಅನ್ನಿಸಿದರೆ ಕಡಲತೀರದ ಊರಿನ 'ಹೋಮ್‌ಟೌನ್ ಚಾ ಚಾ ಚಾ' ಇದೆ, 16 ಕಂತು. ಅಳಲು ತಯಾರಿದ್ದರೆ ಜೇಜು ದ್ವೀಪದ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರಿನ್ಸ್', 2025ರದು. ಹಿಂದಿ ಡಬ್ಬಿಂಗ್ ಇರುವ ಸರಣಿಗಳೂ ಉಂಟು, ನಮ್ಮ ಕಡೆ ಹಿಂದಿ ತಿಳಿಯುತ್ತದೆ. ಆದರೆ ಓದಿ ಹೇಳುವವರಿದ್ದರೆ ಮೂಲವೇ ಚೆಂದ. ಡಬ್ಬಿಂಗಿನಲ್ಲಿ ಆ 'ಅಪ್ಪಾ' ಸಿಗುವುದಿಲ್ಲ.

ನಾನೀಗ ಮತ್ತೆ ಬೆಂಗಳೂರಿನಲ್ಲಿದ್ದೇನೆ. ಶನಿವಾರ ರಾತ್ರಿ ಇಬ್ಬರೂ ಒಂದೇ ಹೊತ್ತಿಗೆ ಹಚ್ಚುತ್ತೇವೆ, ನಾನು ಫೋನಿನಲ್ಲಿ ಓದಿ ಹೇಳುತ್ತೇನೆ. ಹೋದ ವಾರ ಅವ್ವನ ಜೊತೆ ಪಕ್ಕದ ಮನೆಯವರೂ ಬಂದು ಕೂತಿದ್ದರು. ನಡುವೆ ಯಾರೋ ಕೂಗಿದರು: "ಜರಾ ಜೋರ್ ಓದವಾ, ಇಲ್ಲಿ ಹಿಂದಿನವ್ರಿಗಿ ಕೇಳಸವಲ್ದು!"